ಪದಚರ್ಚೆ: ಕ್ರೋಶಾ ಕೆಲಸದ ಕುಣಿಕೆ, ಸರಪಳಿ, ಕಂಬ – ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ರೋಶಾ ಕೆಲಸದಲ್ಲಿ, ಅಂದರೆ ಮೂತಿಯಲ್ಲಿ ಕೊಕ್ಕೆಯಿರುವ ಒಂದೇ ಸೂಜಿಯಿಂದ ದಾರ ಹೆಣೆಯುವ ಕೆಲಸದಲ್ಲಿ, ಬಳಕೆಯಾಗುವ ಕನ್ನಡ ಮಾತುಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ‘ಕ್ರೋಶಾ’ ಎಂಬುದಕ್ಕೇ ಅಚ್ಚಗನ್ನಡ ಪದ ಹುಡುಕಿಕೊಡಿ ಎಂದು ಕೇಳುತ್ತಿಲ್ಲ. ಬೆಳಗಾವಿ ಸೀಮೆಯಲ್ಲಿ ಅದು ಯಾವಾಗಲೋ ಮನೆಯ ಮಾತಾಗಿದೆ, ಹಾಗೆಯೇ ಇರಲಿ. ನನಗೆ ಬೇಕಾಗಿರುವುದು ಆ ಕೆಲಸದ ಒಳಗಿನ ಪದಗಳು. ಸೂಜಿಯ ಮೂತಿಗೆ ದಾರ ಸಿಕ್ಕಿಸಿ ಎಳೆದಾಗ ಮೂಡುವುದಕ್ಕೆ ಏನೆನ್ನಬೇಕು, ಸಾಲಿನಲ್ಲಿ ಎದ್ದು ನಿಲ್ಲುವ ಹೆಣಿಗೆಗೆ ಏನು ಹೆಸರು, ಒಟ್ಟು ಕೆಲಸಕ್ಕೆ ಯಾವ ಕ್ರಿಯಾಪದ ಒಪ್ಪುತ್ತದೆ, ಇಂಥವು.

ಹಿನ್ನೆಲೆ ಇಷ್ಟು. ಟಿಳಕವಾಡಿಯ ನಮ್ಮ ಓಣಿಯ ಕೆಲವು ಹೆಂಗಸರು ಮಧ್ಯಾಹ್ನದ ಊಟ ಮುಗಿದ ಮೇಲೆ ಒಬ್ಬರ ಪಡಸಾಲೆಯಲ್ಲಿ ಕೂಡುತ್ತೇವೆ. ಬಾಗಿಲಿಗೆ ತೋರಣ, ಕೂಸುಗಳಿಗೆ ಕುಲಾವಿ, ಮೇಜಿಗೆ ಹೊದಿಕೆ, ಸೀರೆಯ ಸೆರಗಿಗೆ ಕುಚ್ಚು, ಹೀಗೆ ಒಬ್ಬೊಬ್ಬರ ಮಡಿಲಲ್ಲಿ ಒಂದೊಂದು ಕೆಲಸ. ಬಣ್ಣದ ಉಂಡೆಗಳನ್ನು ಮುಂದೆ ಹರವಿಕೊಂಡು ಕುಳಿತರೆ ಸಂಜೆಯಾದದ್ದೇ ತಿಳಿಯುವುದಿಲ್ಲ. ಅಷ್ಟು ಸುಖದ ಹವ್ಯಾಸ ಇದು. ಹಿರಿಯರು ಇನ್ನೊಬ್ಬರ ಕೈ ನೋಡಿ ಕಲಿತವರು. ಕಿರಿಯರು ಮೊಬೈಲ್ ನೋಡಿ ಕಲಿಯುತ್ತಾರೆ, ಅಲ್ಲಿ ಸಿಗುವ ಪಾಠಗಳು ಹೆಚ್ಚಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಇಬ್ಬರಿಗೂ ಆಗುವಂತೆ ಕೆಲವು ಮಾದರಿಗಳನ್ನು ಕನ್ನಡದಲ್ಲಿ ಬರೆದಿಡೋಣವೆಂದು ಹೊರಟಾಗ ಪದಗಳ ಪ್ರಶ್ನೆ ಎದ್ದಿತು. ವಿಡಿಯೋದಲ್ಲಾದರೆ ‘ಹೀಗೆ ತೆಗೆಯಿರಿ, ಹೀಗೆ ಎಳೆಯಿರಿ’ ಎಂದರೆ ಸಾಕು. ಕಾಗದದ ಮೇಲೆ ‘ಹೀಗೆ’ ಎಂಬ ಮಾತು ನಡೆಯುವುದಿಲ್ಲ.

ಹೆಸರಿನ ಕಾಗುಣಿತದ ಮಾತನ್ನು ಬೇಗ ಮುಗಿಸುತ್ತೇನೆ. ಮೂಲ ಫ್ರೆಂಚ್ ಪದಕ್ಕೆ ‘ಚಿಕ್ಕ ಕೊಕ್ಕೆ’ ಎಂದರ್ಥ. ಹಿಂದಿಯವರು ಕ್ರೋಶಿಯಾ ಎನ್ನುತ್ತಾರೆ, ಮರಾಠಿಯವರು ಕ್ರೋಶೆ ಎಂದೂ ಕ್ರೋಶಾ ಎಂದೂ ಅನ್ನುತ್ತಾರೆ. ನಮ್ಮ ಕಡೆ ಕಿವಿಗೆ ಬೀಳುವುದು ಕ್ರೋಶಾ. ಇದನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸುತ್ತೇವೆಂದು ಕೆಲವರು ‘ಕ್ರೋಶ’ ಎಂದು ಹ್ರಸ್ವ ಮಾಡಿ ಬರೆಯುತ್ತಾರೆ. ಅದು ಬೇಡವೆಂದು ನನ್ನ ಮತ. ಕ್ರೋಶ ಎಂಬ ಸಂಸ್ಕೃತ ಪದ ದೂರದ ಅಳತೆಯಾಗಿ ಆಗಲೇ ನಿಘಂಟಿನಲ್ಲಿ ಕುಳಿತಿದೆ, ಹಿಂದಿಯ ‘ಕೋಸ್’ ಅದರಿಂದಲೇ ಬಂದದ್ದು. ಕೂಗು ಎಂಬ ಅರ್ಥವೂ ಅದಕ್ಕಿದೆ, ‘ಆಕ್ರೋಶ’ದಲ್ಲಿರುವುದು ಅದೇ. ಹೆಣಿಗೆಯ ಪುಸ್ತಕದಲ್ಲಿ ‘ಕ್ರೋಶದ ಕೆಲಸ’ ಎಂದು ಓದಿದವರಿಗೆ ಏನನ್ನಿಸೀತು? ದೀರ್ಘವೇ ಇರಲಿ.

ಸೂಜಿಯ ಹೆಸರಿಗೂ ಹೆಚ್ಚು ತಕರಾರಿಲ್ಲ. ಕ್ರೋಶಾ ಸೂಜಿ, ಕ್ರೋಶಾ ಕಡ್ಡಿ, ಕೊಕ್ಕೆ ಸೂಜಿ ಮೂರೂ ನಡೆಯುತ್ತವೆ. ಆದರೆ ‘ಕೊಕ್ಕೆ’ಯನ್ನು ಇಡೀ ಕೆಲಸಕ್ಕೆ ಹಬ್ಬಿಸಿದರೆ ತೊಡಕಾಗುತ್ತದೆ. ‘ಕೊಕ್ಕೆ ಹಾಕುವುದು’ ಎಂದರೆ ಕನ್ನಡದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಅಡ್ಡಿ ತರುವುದು. ‘ಕೊಂಡಿ’ ಎಂದು ಸೂಚಿಸಿದವರಿದ್ದಾರೆ. ಅದು ಚೆಂದದ ಪದವೇ ಆದರೂ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಮೂರು ಲಾಳಿ ಬಳಸಿ ಸೀರೆ ನೇಯುವ ವಿಧಾನಕ್ಕೆ ಕೊಂಡಿ ಎಂಬ ಹೆಸರು ನಿಂತಿದೆ. ಪಕ್ಕದ ಜಿಲ್ಲೆಯ ನೇಕಾರರ ಪದವನ್ನು ಎತ್ತಿ ಬೇರೆ ಕಸುಬಿಗೆ ಅಂಟಿಸುವುದು ಸರಿಯಲ್ಲ.

ಕ್ರಿಯಾಪದದ ವಿಚಾರದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ‘ಕ್ರೋಶಾ ನೇಯ್ದರು’ ಎಂದು ಬರೆದದ್ದನ್ನು ಓದುತ್ತೇವೆ. ನೇಯ್ಗೆ ಎಂದರೆ ಹಾಸು ಇರಬೇಕು, ಹೊಕ್ಕು ಇರಬೇಕು. ಎರಡೂ ನೂಲು ಒಂದನ್ನೊಂದು ಅಡ್ಡ ಹಾಯ್ದಾಗ ಬಟ್ಟೆ. ಹಾಸುಹೊಕ್ಕು ಎಂಬ ಮಾತು ಹುಟ್ಟಿದ್ದೇ ಅಲ್ಲಿ. ವಡಗಾವಿಯ ಮಗ್ಗದ ಮುಂದೆ ಕುಳಿತವರನ್ನು ಕೇಳಿದರೆ ಕ್ರೋಶಾವನ್ನು ನೇಯ್ಗೆ ಎಂದು ಅವರು ಒಪ್ಪಲಾರರು, ಏಕೆಂದರೆ ಇದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಇರುವುದು ಒಂದೇ ದಾರ, ತನ್ನ ಕುಣಿಕೆಯೊಳಗೆ ತಾನೇ ತೂರಿ ಬೆಳೆಯುವ ದಾರ. ಇನ್ನು ‘ಹೊಲಿ’ ಎಂಬುದಕ್ಕೆ ಇರುವ ಬಟ್ಟೆ ಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯ ಕುಲಾವಿ ಬಟ್ಟೆಯದು, ಆದ್ದರಿಂದ ಅಲ್ಲಿ ಹೊಲಿಗೆ ಸರಿ. ಅದೇ ಕುಲಾವಿಯನ್ನು ನಮ್ಮ ಪಡಸಾಲೆಯಲ್ಲಿ ಉಣ್ಣೆಯ ದಾರದಿಂದ ಮಾಡುವಾಗ ಯಾರೂ ಹೊಲಿದೆ ಎನ್ನುವುದಿಲ್ಲ, ಹೆಣೆದೆ ಎನ್ನುತ್ತಾರೆ. ‘ಹಾಕಿದೆ’ ಎನ್ನುವವರೂ ಉಂಟು, ಹೆರಳು ಹಾಕುವುದು, ಸ್ವೆಟರ್ ಹಾಕುವುದು ಎಂದ ಹಾಗೆ. ಮಾತಿಗೆ ಅದು ಸಾಕು. ಬರಹದಲ್ಲಿ ‘ಸ್ವೆಟರ್ ಹಾಕಿದಳು’ ಎಂದರೆ ತೊಟ್ಟುಕೊಂಡಳೋ ಹೆಣೆದಳೋ ತಿಳಿಯುವುದಿಲ್ಲ.

ಎಲ್ಲಕ್ಕಿಂತ ನೋವಾಗುವುದು ಕ್ರೋಶಾವನ್ನು ‘ಕಸೂತಿ’ ಎಂದು ಕರೆದಾಗ. ಧಾರವಾಡ, ಬೆಳಗಾವಿ ಸೀಮೆಯವರಿಗೆ ಕಸೂತಿ ಎಂದರೆ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿಂದ ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ಆನೆ, ತುಳಸಿಕಟ್ಟೆ ಮೂಡಿಸುವ ಕಲೆ. ನೆಯ್ದ ಬಟ್ಟೆಯ ಎಳೆಗಳನ್ನು ಎಣಿಸಿ ಅದರ ಮೇಲೆ ಚಿತ್ರ ತೆಗೆಯುವುದು ಅದು. ಇಲ್ಲಿ ಬಟ್ಟೆಯೇ ನಮ್ಮ ಕೈಯಲ್ಲಿ ಹುಟ್ಟುತ್ತದೆ. ನೂಲಿನ ಕೈಕೆಲಸವನ್ನೆಲ್ಲ ಕಸೂತಿಯ ಲೆಕ್ಕಕ್ಕೆ ಸೇರಿಸಿದರೆ ಕಸೂತಿಗೂ ಅನ್ಯಾಯ, ಕ್ರೋಶಾಕ್ಕೂ ಅನ್ಯಾಯ.

ಹಾಗಾಗಿ ‘ಹೆಣೆ’ ಎಂಬುದೇ ನನಗೆ ಒಪ್ಪಿಗೆ. ಸ್ವೆಟರ್ ಹೆಣಿಗೆಯೂ ಅದೇ, ಕ್ರೋಶಾವೂ ಅದೇ ಎಂದಾಗುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಬೇರೆ ಮಾಡಿ ತೋರಿಸಬೇಕಾದಲ್ಲಿ ‘ಎರಡು ಕಡ್ಡಿಯ ಹೆಣಿಗೆ’, ‘ಒಂದು ಕಡ್ಡಿಯ ಹೆಣಿಗೆ’ ಎನ್ನಬಹುದು. ಕಡ್ಡಿಯ ಲೆಕ್ಕ ಮಾತ್ರವಲ್ಲ, ಕೆಲಸದ ಸ್ವಭಾವವೂ ಅದರಲ್ಲಿ ಸಿಗುತ್ತದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ಜೀವಂತ ಕುಳಿತಿರುತ್ತವೆ, ಒಂದು ಜಾರಿದರೆ ಕೆಳಗಿನವರೆಗೂ ಜಾರುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಹಾಲು ಉಕ್ಕಿತೆಂದು ಎದ್ದು ಹೋದರೂ ಕೆಲಸ ಕೆಡುವುದಿಲ್ಲ. ಮನೆಗೆಲಸದ ನಡುವೆ ಈ ಹವ್ಯಾಸ ಬೇರೂರಲು ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

‘ಕುಣಿಕೆ’ ಎಂಬ ಪದವನ್ನು ಆಗಲೇ ಧಾರಾಳವಾಗಿ ಬಳಸಿಬಿಟ್ಟಿದ್ದೇನೆ. ನೇಣಿನ ನೆನಪು ತರುವ ಪದ ಎಂದು ನಮ್ಮಲ್ಲೇ ಒಬ್ಬರು ಹಿಂಜರಿದರು. ಆದರೆ ಕರುವಿನ ಹಗ್ಗಕ್ಕೂ ಕುಣಿಕೆ, ಚೀಲದ ಬಾಯಿಗೂ ಕುಣಿಕೆ. ಪತ್ರಿಕೆಯವರು ಕೆಟ್ಟ ಸುದ್ದಿಗೆ ಬಳಸಿದರೆಂದು ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಅದಕ್ಕೂ ಮಿಗಿಲಾಗಿ ‘ಜೀರುಗುಣಿಕೆ’ ಎಂಬ ಸೊಗಸಾದ ಪದ ನಮ್ಮಲ್ಲಿದೆ: ಎಳೆದರೆ ಬಿಗಿಯಾಗುವ, ಜಾರುವ ಗಂಟು. ಕ್ರೋಶಾದ ಮೊದಲ ಗಂಟು ಇದೇ. ಇಷ್ಟು ಕರಾರುವಾಕ್ಕಾದ ಪದ ಮನೆಯಲ್ಲಿರುವಾಗ ‘ಸ್ಲಿಪ್ ನಾಟ್’ ಎಂದೇಕೆ ಬರೆಯಬೇಕು? ಇದನ್ನು ಇಂದಿಗೂ ಮಾತಿನಲ್ಲಿ ಬಳಸುವವರು ನಿಮ್ಮ ಕಡೆ ಇದ್ದಾರೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೀರುಗುಣಿಕೆಯ ನಂತರ ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋದರೆ ಆಗುವುದು ‘ಸರಪಳಿ’. ಇದರಲ್ಲಿ ಜಗಳವಿಲ್ಲ, ಬಹಳ ಭಾಷೆಗಳು ಇದನ್ನು ಸರಪಳಿ ಎಂದೇ ಕರೆದಿವೆ. ತೊಂದರೆ ಶುರುವಾಗುವುದು ಸರಪಳಿಯ ಮೇಲೆ ನಿಲ್ಲಿಸುವ ಹೆಣಿಗೆಗಳಲ್ಲಿ. ಇಂಗ್ಲಿಷಿನಲ್ಲಿ ಇವಕ್ಕೆ ಒಂದೇ ಹೆಸರಿಲ್ಲ. ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎಂದದ್ದನ್ನು ಬ್ರಿಟನ್ನಿನವರು ‘ಡಬಲ್ ಕ್ರೋಶೆ’ ಎನ್ನುತ್ತಾರೆ. ಅಮೆರಿಕದ ‘ಡಬಲ್’ ಬ್ರಿಟನ್ನಿನಲ್ಲಿ ‘ಟ್ರೆಬಲ್’. ಒಂದೇ ಪದ, ಎರಡು ಎತ್ತರ. ಮಾದರಿ ಯಾವ ದೇಶದ್ದೆಂದು ನೋಡದೆ ಹೆಣೆದರೆ ಅಂಗೈಯಗಲ ಆಗಬೇಕಾದದ್ದು ತಟ್ಟೆಯಗಲ ಆಗುತ್ತದೆ. ‘ಸಿಂಗಲ್ ಕ್ರೋಶೆ’ಯನ್ನು ‘ಒಂಟಿ ಹೆಣಿಗೆ’ ಎಂದೂ ‘ಡಬಲ್’ ಅನ್ನು ‘ಜೋಡಿ ಹೆಣಿಗೆ’ ಎಂದೂ ಅನುವಾದಿಸಿಕೊಂಡರೆ ಆ ಗೊಂದಲವನ್ನು ಕನ್ನಡಕ್ಕೆ ಬರಮಾಡಿಕೊಂಡಂತೆಯೇ ಸರಿ.

ನಮ್ಮ ನೆರೆಮನೆಯ ಮರಾಠಿ ಹೆಂಗಸರು ಇದನ್ನು ಚೆನ್ನಾಗಿ ಬಗೆಹರಿಸಿಕೊಂಡಿದ್ದಾರೆ. ಅವರದು ‘ಸಾಖಳಿ’, ‘ಮುಕಾ ಖಾಂಬ’, ‘ಅರ್ಧಾ ಖಾಂಬ’, ‘ಖಾಂಬ’. ಎದ್ದು ನಿಲ್ಲುವ ಹೆಣಿಗೆ ಖಾಂಬ, ಅಂದರೆ ಕಂಬ. ತೀರ ಗಿಡ್ಡದ್ದು ಮೂಕ ಕಂಬ. ಮಾತನಾಡದ ಕಂಬ! ಎಷ್ಟು ಮುದ್ದಾದ ಹೆಸರು. ಖಾಂಬ ಮತ್ತು ಕಂಬ ಹೇಗೂ ಒಂದೇ ಬಳ್ಳಿಯವು, ನಮ್ಮ ವ್ಯಾಕರಣಕಾರರು ಕಂಬವನ್ನು ಸ್ತಂಭದ ತದ್ಭವವೆಂದು ಹೇಳುತ್ತಾರೆ. ಜರ್ಮನರು ಇದೇ ಹೆಣಿಗೆಯನ್ನು ‘ಚಿಕ್ಕ ಕಡ್ಡಿ’ ಎನ್ನುತ್ತಾರೆ, ಸ್ಪೇನಿನವರು ‘ಗಿಡ್ಡ’, ‘ಎತ್ತರ’ ಎಂದೇ ಭಾಗ ಮಾಡುತ್ತಾರೆ. ಕಣ್ಣಿಗೆ ಕಾಣುವ ಎತ್ತರವನ್ನು ಹಿಡಿದ ಹೆಸರುಗಳು ಇವು, ದೇಶ ಬದಲಾದರೂ ಅರ್ಥ ಕದಲುವುದಿಲ್ಲ.

ಆದ್ದರಿಂದ ನಾವು ಸದ್ಯಕ್ಕೆ ಬರೆದುಕೊಂಡದ್ದು ಹೀಗೆ: ಮೂಕ ಕಂಬ, ಅರೆಗಂಬ, ಕಂಬ, ಎತ್ತರಗಂಬ. ತುದಿಗಳನ್ನು ಜೋಡಿಸುವ, ಎತ್ತರವೇ ಇಲ್ಲದ ಹೆಣಿಗೆಗೆ ‘ಕೂಡುಗುಣಿಕೆ’. ಸಾಲು ತಿರುಗಿಸುವಾಗ ಮೂಕ ಕಂಬಕ್ಕೆ 1 ಸರಪಳಿ, ಅರೆಗಂಬಕ್ಕೆ 2, ಕಂಬಕ್ಕೆ 3, ಎತ್ತರಗಂಬಕ್ಕೆ 4 ಎಂಬ ಲೆಕ್ಕವೂ ಇದರೊಡನೆ ಸಲೀಸಾಗಿ ಕೂಡಿಕೊಳ್ಳುತ್ತದೆ. ಬಣ್ಣದ ಚೌಕದ ಮೊದಲ ಸುತ್ತನ್ನು ಈ ಪದಗಳಲ್ಲಿ ಬರೆದಿದ್ದೇನೆ, ಓದಿ ನೋಡಿ:

“ಜೀರುಗುಣಿಕೆ ಹಾಕಿ 4 ಸರಪಳಿ ಹೆಣೆಯಿರಿ. ಕೂಡುಗುಣಿಕೆಯಿಂದ ತುದಿ ಸೇರಿಸಿ ಉಂಗುರ ಮಾಡಿ. 3 ಸರಪಳಿ ಏರಿಸಿ. ಇದನ್ನೇ ಮೊದಲ ಕಂಬವೆಂದು ಎಣಿಸಿ. ಉಂಗುರದೊಳಗೆ ಇನ್ನೂ 2 ಕಂಬ ನಿಲ್ಲಿಸಿ, 2 ಸರಪಳಿ ಬಿಡಿ. ಮುಂದೆ ‘3 ಕಂಬ, 2 ಸರಪಳಿ’ ಎಂಬುದನ್ನು ಮೂರು ಸಲ ಮಾಡಿ. ಮೊದಲ ಕಂಬದ ತಲೆಗೆ ಕೂಡುಗುಣಿಕೆ ಹಾಕಿ ಸುತ್ತು ಮುಗಿಸಿ. ನಾಲ್ಕು ಸರಪಳಿ ಕಿಂಡಿಗಳೇ ಚೌಕದ ನಾಲ್ಕು ಮೂಲೆಗಳು.”

ಕಂಬವನ್ನು ‘ನಿಲ್ಲಿಸುವುದು’, ಸರಪಳಿಯನ್ನು ‘ಏರಿಸುವುದು’, ‘ಬಿಡುವುದು’ ಎಂಬ ಕ್ರಿಯಾಪದಗಳು ತಾವಾಗಿ ಬಂದು ಕುಳಿತವು. ಹೆಸರು ಸರಿಯಾಗಿದ್ದರೆ ಕ್ರಿಯಾಪದವನ್ನು ಹುಡುಕಿ ತರಬೇಕಾಗುವುದಿಲ್ಲ ಎಂದು ಆಗ ಅನ್ನಿಸಿತು. ಓದಿ ಹೇಳುತ್ತಿದ್ದಂತೆ ಇಂಗ್ಲಿಷ್ ಬಾರದ ಹಿರಿಯರೊಬ್ಬರು ನನ್ನ ಕೈ ನೋಡದೆಯೇ ಸುತ್ತು ಮುಗಿಸಿದರು.

ಇಂಥ ಚೌಕಗಳನ್ನು ಕೂಡಿಸಿ ಮಾಡುವ ದೊಡ್ಡ ಹೊದಿಕೆಗೆ ನಾವು ‘ಕ್ರೋಶಾ ಕೌದಿ’ ಎನ್ನುತ್ತಿದ್ದೇವೆ. ಇಂಗ್ಲಿಷಿನಲ್ಲಿ ಆ ಚೌಕಕ್ಕೆ ಅಜ್ಜಿಯ ಹೆಸರಿದೆ. ‘ಅಜ್ಜಿ ಚೌಕ’ ಎಂದು ಮಾಡಿಕೊಂಡರೆ ಕನ್ನಡದಲ್ಲಿ ಅರ್ಥ ಹೊಳೆಯುವುದಿಲ್ಲ. ಹಳೆಯ ಸೀರೆಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಹೊಲಿದ ಕೌದಿಯನ್ನು ಕಂಡವರಿಗೆ ‘ಕೌದಿ ಚೌಕ’ ಎಂದರೆ ಕೂಡಲೇ ತಿಳಿಯುತ್ತದೆ. ಎರಡೂ ಉಳಿದ ಚೂರುಗಳಿಂದ ಹುಟ್ಟಿದವು, ಎರಡರಲ್ಲೂ ಬಣ್ಣದ ಸಂತೆ.

ಬಣ್ಣದ ಮಾತು ಬಂದದ್ದರಿಂದ ಇನ್ನೊಂದು. ಅಂಗಡಿಯ ಉಂಡೆಗಳ ಮೇಲೆ ಬಣ್ಣಕ್ಕೆ ಸಂಖ್ಯೆ ಮಾತ್ರ ಇರುತ್ತದೆ. ನಮ್ಮ ಹಾಳೆಗಳಲ್ಲಿ ನಾವು ಸೀರೆಯ ಬಣ್ಣಗಳ ಹೆಸರನ್ನೇ ಬರೆಯುತ್ತಿದ್ದೇವೆ: ಗಿಣಿಹಸಿರು, ಅಬ್ಬಲಿಗೆ, ಬದನೆ, ಇಟ್ಟಿಗೆ, ರಾಣಿ, ದಾಳಿಂಬೆ. ‘ಅಬ್ಬಲಿಗೆಯ ಸುತ್ತಿನ ಮೇಲೆ ಬದನೆಯ ಸುತ್ತು’ ಎಂದು ಓದಿದರೆ ಬಣ್ಣ ಕಣ್ಣಿಗೆ ಕಟ್ಟುತ್ತದೆ. ಒಂದೇ ಉಂಡೆಯಲ್ಲಿ ಬಣ್ಣ ಬದಲಾಗುತ್ತ ಹೋಗುವ ದಾರಕ್ಕೆ ಮಾತ್ರ ನಮಗೆ ಹೆಸರು ಸಿಕ್ಕಿಲ್ಲ. ‘ಪಂಚರಂಗಿ’ ಎನ್ನೋಣವೆಂದರೆ ಅದು ಐದು ಬಣ್ಣಕ್ಕೆ ಕಟ್ಟುಬೀಳುತ್ತದೆ. ನೂಲಿಗೆ ಬಣ್ಣ ಹಾಕುವ ಮನೆತನದವರು ಬಳಗದಲ್ಲಿದ್ದರೆ ನಿಮ್ಮ ಮನೆಯ ಮಾತನ್ನು ತಿಳಿಸಿ. ಅಂದ ಹಾಗೆ, ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ದಾರ ಬಹುಪಾಲು ಅಕ್ರಿಲಿಕ್, ಅದರಲ್ಲಿ ಕುರಿಯ ಉಣ್ಣೆ ಇರುವುದಿಲ್ಲ. ‘ಉಲ್ಲನ್ ದಾರ’ ಎಂಬುದನ್ನು ರೂಢಿಯ ಹೆಸರಾಗಿ ಇಟ್ಟುಕೊಂಡು, ನಿಜವಾದದ್ದಕ್ಕೆ ಮಾತ್ರ ‘ಉಣ್ಣೆ’ ಎನ್ನುವುದು ಒಳ್ಳೆಯದೆಂದು ನನ್ನ ಸಲಹೆ.

ಹೆಣೆದದ್ದನ್ನು ಎಳೆದು ತೆಗೆಯುವುದಕ್ಕೆ ನಮ್ಮ ಹಿರಿಯರು ‘ಉಚ್ಚು’ ಎನ್ನುತ್ತಾರೆ. ಬಿರ್ಚು ಬಿಚ್ಚು ಆದಂತೆ ಹಳೆಯ ಉರ್ಚು ಉಚ್ಚು ಆಗಿದೆ. ಗಂಟನ್ನು ಬಿಚ್ಚುತ್ತೇವೆ, ಕುಣಿಕೆ ತಾನಾಗಿ ಸರಸರನೆ ಉಚ್ಚಿಕೊಳ್ಳುತ್ತದೆ. ಈ ವ್ಯತ್ಯಾಸ ಕ್ರೋಶಾಕ್ಕೆ ಬೇಕೇ ಬೇಕು. ದಕ್ಷಿಣದ ಓದುಗರ ಕಿವಿಗೆ ಈ ಪದ ಬೇರೆಯೇನನ್ನೋ ನೆನಪಿಸುತ್ತದೆ ಎಂಬ ಸಂಕೋಚಕ್ಕೆ ಇದನ್ನು ಕೈಬಿಡಬೇಕೇ? ಬೇಡವೆಂದು ನನ್ನ ಮನಸ್ಸು ಹೇಳುತ್ತದೆ. ಮೈಸೂರು, ಮಂಗಳೂರು ಕಡೆಯವರು ಇದಕ್ಕೆ ಏನೆನ್ನುತ್ತೀರಿ?

ಇನ್ನೊಂದು ವರ್ಗದವರನ್ನು ವಿಶೇಷವಾಗಿ ಕೇಳಬೇಕು. ಸೀರೆಗೆ ಕುಚ್ಚು ಕಟ್ಟುವುದನ್ನು ಮನೆಯಲ್ಲೇ ಕಸುಬಾಗಿ ಮಾಡುವ ಹೆಂಗಸರು ರಾಜ್ಯದ ತುಂಬ ಇದ್ದಾರೆ. ಅವರಲ್ಲಿ ಅನೇಕರು ಕ್ರೋಶಾ ಸೂಜಿಯಲ್ಲೇ ರೇಷ್ಮೆ ದಾರದ ಕಮಾನು, ಗೊಂಡೆ ಹೆಣೆಯುತ್ತಾರೆ. ದಿನವೂ ಬಳಸುವುದರಿಂದ ಅವರ ಬಾಯಲ್ಲಿ ಸವೆದು ನುಣುಪಾದ ಪದಗಳು ಇರಲೇಬೇಕು. ನಿಮ್ಮ ಮನೆಯ ಹತ್ತಿರ ಅಂಥವರಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಕಂಬಕ್ಕೆ ಅವರು ಕಂಬ ಎನ್ನುತ್ತಾರೆಯೇ, ಕಡ್ಡಿ ಎನ್ನುತ್ತಾರೆಯೇ, ಕಾಲು ಎನ್ನುತ್ತಾರೆಯೇ? ಸರಪಳಿಗೆ ‘ಚೈನು’ ಎಂದೇ ಹೇಳಿದರೆ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಉತ್ತರಿಸುವವರು ಪದದ ಜೊತೆಗೆ ಊರಿನ ಹೆಸರನ್ನೂ ಹಾಕಿ. ಗಡಿಯ ಈ ಕಡೆ ಮರಾಠಿಯ ನೆರಳಿದೆ, ಬಳ್ಳಾರಿಯ ಕಡೆ ಹೆಣಿಗೆ ಎಂಬರ್ಥದ ತೆಲುಗಿನ ‘ಅಲ್ಲಿಕ’ದ ನೆರಳು ಇದ್ದೀತು, ಎಲ್ಲವೂ ಬೇಕು. ಮಳೆಗಾಲ ಶುರುವಾಗುವ ಮುಂಚೆ ಮೊದಲ ಹಾಳೆಗಳನ್ನು ಪ್ರತಿ ಮಾಡಿಸಬೇಕೆಂದಿದ್ದೇವೆ, ಆದಷ್ಟು ಬೇಗ ಬರೆದರೆ ನಿಮ್ಮ ಪದಗಳೂ ಅದರಲ್ಲಿ ಸೇರುತ್ತವೆ.

ವಂದನೆಗಳೊಡನೆ,
ಟಿಳಕವಾಡಿ, ಬೆಳಗಾವಿ