ಅಪ್‌ಡೇಟ್: ಹೋರಾಟಗಾರ್ತಿಯರ ಕಲಾಪ್ರದರ್ಶನದಲ್ಲಿ ಬೆಳಕು, ತೇವ, ವಿವರಪಟ್ಟಿ

ಕಮಲಾದೇವಿ ಚಟ್ಟೋಪಾಧ್ಯಾಯ, ಸಾವಿತ್ರಿಬಾಯಿ ಫುಲೆ ಅವರಂಥವರ ಕುರಿತ ಚಿತ್ರ, ಪೋಸ್ಟರ್, ಕೈಮಗ್ಗದ ಬಟ್ಟೆಗಳನ್ನು ಮಂಗಳೂರಿನ ಹಳೇ ಹೆಂಚಿನ ಕಟ್ಟಡದಲ್ಲಿ ಕೆಡದಂತೆ ತೋರಿಸುವುದು ಹೇಗೆ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ. ಕೆಲಸಕ್ಕೆ ಬಂದದ್ದು ಇಷ್ಟು.

ಕಾಗದ, ಬಟ್ಟೆಗೆ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕು ಸಾಕು. ಬೆಳಕಿನ ಮೀಟರನ್ನು ಚಿತ್ರದ ಮೇಲ್ಮೈಗೇ ಹಿಡಿದು ಅಳೆಯಬೇಕು. ಕಿಟಕಿಗೆ ತೆಳು ಪರದೆ ಸಾಲದು, ಯುವಿ (ಬಣ್ಣ ಮಾಸಿಸುವ ನೇರಳಾತೀತ ಕಿರಣ) ತಡೆಯುವ ಫಿಲ್ಮ್ ಬೇಕೇ ಬೇಕು.

ನಿಜವಾದ ತಲೆನೋವು ತೇವದ್ದು. ಹಗಲು ಎ.ಸಿ. ಹಾಕಿ ರಾತ್ರಿ ಆರಿಸಿದರೆ ತೇವಾಂಶ ಏರಿಳಿದು ಕಾಗದ ಅಲೆಅಲೆಯಾಗಿ ಉಬ್ಬುತ್ತದೆ. ಒಂದೇ ಮಟ್ಟದಲ್ಲಿ, ಸುಮಾರು 50-55%ರಲ್ಲಿ, ನಿಲ್ಲಿಸುವುದು ಮುಖ್ಯ. ಮಳೆ ಬಡಿಯುವ ಹೊರಗೋಡೆಯಲ್ಲಿ ಮೂಲಕೃತಿ ಬೇಡ. ಬೇರೆ ಗೋಡೆಗಳಲ್ಲೂ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ 1 ಸೆಂ.ಮೀ. ಗಾಳಿಯ ಜಾಗ ಬಿಡಿ. ಗಾಜು ಕಾಗದಕ್ಕೆ ತಾಗಿದರೆ ಬೂಷ್ಟು ಅಲ್ಲೇ ಹುಟ್ಟುತ್ತದೆ, ಹಾಗಾಗಿ ನಡುವೆ ಆಮ್ಲರಹಿತ ಮೌಂಟ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಅಂಚು) ಇರಲಿ.

ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಪ್ರತಿ ಚಿತ್ರದ ಪಕ್ಕದ ವಿವರಪಟ್ಟಿ 60 ಪದ ದಾಟದಿರಲಿ, ಅಕ್ಷರ 24 ಪಾಯಿಂಟ್. ಅದಕ್ಕಿಂತ ಚಿಕ್ಕದಾದರೆ ಮಂದ ಬೆಳಕಿನಲ್ಲಿ ಒತ್ತಕ್ಷರಗಳು ಮೆತ್ತಿಕೊಂಡಂತೆ ಕಾಣುತ್ತವೆ.

ಜೋಡಣೆಯಲ್ಲಿ ಒಂದು ಮಾತು: ಕಮಲಾದೇವಿಯವರ 1926ರ ಮದ್ರಾಸ್ ಶಾಸನಸಭಾ ಚುನಾವಣೆ, 1930ರ ಉಪ್ಪಿನ ಸತ್ಯಾಗ್ರಹ ಒಂದು ಕೋಣೆಗೆ, ಕರಕುಶಲ ಕೆಲಸ ಇನ್ನೊಂದಕ್ಕೆ ಹೋಗಬಾರದು. ನೇಕಾರರ ದುಡಿಮೆಯೂ ಅವರಿಗೆ ರಾಜಕೀಯವೇ ಆಗಿತ್ತು. ಒಂದೇ ಗೋಡೆಗೆ ಹಾಕಿ.