ಮಾವಿನ ಬೋರರ್, ಕಾಫಿ ಬೋರರ್ ಎರಡೂ ಒಂದೇನಾ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದು ಅರೇಬಿಕಾ ಕಾಫಿ ತೋಟ. ರಾತ್ರಿ ಅಂಗಳದ ದೀಪಕ್ಕೆ ಉದ್ದ ಮೀಸೆಯ ದೊಡ್ಡ ದುಂಬಿ ಬಂದಿತ್ತು. ಕಾಫಿಗೆ ಬೀಳುವ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಇದೇನಾ? ಮನೆ ಹಿಂದಿನ ಮಾವಿನ ಬುಡದಲ್ಲಿ ಮರದ ಹುಡಿಯೂ ಬೀಳುತ್ತಿದೆ. ಗೊತ್ತಿದ್ದವರು ಹೇಳಿ.

ಉತ್ತರ: ಬೇರೆ ಬೇರೆ ಸರ್, ಕುಟುಂಬ ಮಾತ್ರ ಒಂದೇ. ದೀಪಕ್ಕೆ ಬಂದದ್ದು ಮಾವಿನ ಕಾಂಡಕೊರಕ ಇರಬೇಕು, ಬ್ಯಾಟೊಸೆರಾ ರೂಫೊಮ್ಯಾಕುಲೇಟಾ. ಬೂದು ಮಿಶ್ರಿತ ಕಂದು ಮೈ, ಎರಡು ಇಂಚಿನವರೆಗೂ ಉದ್ದ. ಕತ್ತಿನ ಮೇಲೆ ಎರಡು ಕಿತ್ತಳೆ ಮಚ್ಚೆ ಇದ್ದವಾ ನೋಡಿ. ಕಾಫಿಯ ಬಿಳಿ ಕಾಂಡಕೊರಕ, ಅಂದರೆ ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್, ಒಂದೂವರೆ ಸೆಂಟಿಮೀಟರ್ ಆಸುಪಾಸು ಅಷ್ಟೇ. ಕಪ್ಪು ಮೈ ಮೇಲೆ ಬಿಳಿ ಪಟ್ಟೆ, ಮೀಸೆಯೂ ಗಿಡ್ಡ. ಅದು ಹಗಲು ಬಿಸಿಲಲ್ಲಿ ಓಡಾಡುವ ದುಂಬಿ.

ಆದರೆ ದುಂಬಿಗಿಂತ ಹುಡಿ ಮುಖ್ಯ. ಮಾವಿನ ಹುಳು ಕೊರೆದ ಹುಡಿಯನ್ನು ತೂತಿನಿಂದ ಹೊರಗೆ ತಳ್ಳುತ್ತದೆ, ಹಾಗಾಗಿ ಬುಡದಲ್ಲೇ ಕಾಣುತ್ತದೆ. ಕಾಫಿ ಹುಳು ತಾನು ಕೊರೆದ ದಾರಿಯಲ್ಲೇ ಹುಡಿ ಗಟ್ಟಿಯಾಗಿ ತುಂಬಿಕೊಂಡು ಹೋಗುತ್ತದೆ. ಹೊರಗೆ ಏನೂ ಬೀಳಲ್ಲ. ಕಾಫಿ ಗಿಡದಲ್ಲಿ ತೂತು ಕಂಡಿತು ಅಂದರೆ ದುಂಬಿ ಹಾರಿಹೋಗಿ ಆಗಿದೆ. ಅದಕ್ಕೇ ತೂತಿಗೆ ಕಾಯಬೇಡಿ. ಕಾಂಡದ ಮೇಲೆ ಏಣು ಎದ್ದಿದೆಯಾ, ಎಲೆ ಹಳದಿಯಾಗಿ ಬಾಡಿದೆಯಾ ಅಂತ ಗಿಡ ಗಿಡ ನೋಡಬೇಕು.

ಇನ್ನೊಬ್ಬರು: ನಮ್ಮದು ಕೊಪ್ಪ ಕಡೆ. ಕಾಫಿ ದುಂಬಿ ಹಾರುವುದು ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ಹಾಗಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲೇ ಬೋರರ್ ಗಿಡ ಹುಡುಕಿಸುತ್ತೇವೆ. ನೆರಳು ಕಮ್ಮಿ ಇರುವ ಕಡೆ ಯಾವಾಗಲೂ ಜಾಸ್ತಿ ಸಿಗುತ್ತದೆ. ಆ ಕಡೆ ನೆರಳಿನ ಮರದ ಕೊಂಬೆ ಕಪಾತು ಮಾಡುವಾಗ (ಸವರುವಾಗ) ಕೈ ಬಿಗಿ ಹಿಡಿಯಿರಿ. ಸಡಿಲ ತೊಗಟೆ ಉಜ್ಜಿ ತೆಗೆದರೆ ಮೊಟ್ಟೆ ಇಡಲು ಸಂದು ಸಿಗಲ್ಲ. ಶೇ 10ರ ಸುಣ್ಣದ ನೀರನ್ನೂ ಕಾಂಡಕ್ಕೆ ಬಳಿಸಿ.

ಮತ್ತೊಬ್ಬರು: ಮಾವಿನ ಮರ ಕಡಿಯಬೇಡಿ ಅಣ್ಣ, ಉಳಿಸಿಕೊಳ್ಳಬಹುದು! ಹೊಸ ಹುಡಿ ಬರುವ ತೂತಿಗೆ ತುದಿ ಬಗ್ಗಿಸಿದ ಸೈಕಲ್ ಕಡ್ಡಿ ಹಾಕಿ ಹುಳು ಎಳೆಯಿರಿ. ನಾವು ಹಾಗೇ ಮಾಡಿ ತೂತಿಗೆ ಜೇಡಿಮಣ್ಣು ಮೆತ್ತಿದೆವು, ಮರ ಚಿಗುರಿತು. ಹಲಸು, ಅತ್ತಿಯಲ್ಲೂ ಇದೇ ಹುಳು ಇರುತ್ತದೆ, ನೋಡಿಕೊಳ್ಳಿ. ಕಾಫಿ ಗಿಡಕ್ಕೆ ಮಾತ್ರ ಈ ದಾರಿ ಇಲ್ಲ. ಬೇರು ಸಮೇತ ಕಿತ್ತು ಆಗಲೇ ಸುಡಬೇಕು. ಸೌದೆಗೆ ಅಂತ ರಾಶಿ ಹಾಕಿಟ್ಟರೆ ಒಳಗಿದ್ದ ಹುಳು ದುಂಬಿಯಾಗಿ ವಾಪಸ್ ತೋಟಕ್ಕೇ ಬರುತ್ತದೆ.