ಸಹಾಯ ಬೇಕು: ಪುಣೆಯ ರಂಜಾನ್ ವೇಳಾಪಟ್ಟಿ, ಕನ್ನಡ ಬಲ್ಲ ಮೌಲವಿ

ಕೊಂಢ್ವಾ ಸುತ್ತಮುತ್ತಲಿನ ಕನ್ನಡಿಗರಿಗೆ ಸಲಾಂ, ನಮಸ್ಕಾರ. ರಂಜಾನಿಗೆಂದು ವಿಜಯಪುರದಿಂದ ಬಂದ ಅಬ್ಬಾ, ಊರಿನ ಸಹರಿ-ಇಫ್ತಾರ್ ವೇಳಾಪಟ್ಟಿಯನ್ನೂ ತಂದು ಗೋಡೆಗೆ ಅಂಟಿಸಿದ್ದಾರೆ. ಪುಣೆಯಲ್ಲಿ ಸೂರ್ಯ ಮುಳುಗುವುದು ಅಲ್ಲಿಗಿಂತ ಸುಮಾರು 7 ನಿಮಿಷ ತಡ. ಸಹರಿಗೇನೋ ತೊಂದರೆಯಿಲ್ಲ, ನಸುಕಿನ ಊಟ ಬೇಗ ನಿಲ್ಲಿಸಿದರೆ ನಷ್ಟವೇನು? ಆದರೆ ಸಂಜೆ ಆ ಪಟ್ಟಿ ನೋಡಿ ಖರ್ಜೂರ ಬಾಯಿಗಿಟ್ಟರೆ ದಿನವಿಡೀ ನೀರೂ ಮುಟ್ಟದೆ ಹಿಡಿದ ರೋಜಾ ಮುರಿದಂತೆಯೇ. ಅಬ್ಬಾ ಓದುವುದು ಕನ್ನಡ ಮಾತ್ರ. ಪುಣೆಯ ಪಟ್ಟಿಯನ್ನು ಯಾರಾದರೂ ಕನ್ನಡದಲ್ಲಿ ಬರೆದುಕೊಂಡಿದ್ದರೆ ಫೋಟೊ ಹಾಕಿ.

ಇದಕ್ಕಿಂತ ದೊಡ್ಡ ಚಿಂತೆ ಅಮ್ಮಿಯದು. ಸಕ್ಕರೆ ಕಾಯಿಲೆ, ಎರಡು ಹೊತ್ತು ಇನ್ಸುಲಿನ್. ವೈದ್ಯರು ಉಪವಾಸ ಬೇಡವೆಂದಿದ್ದಾರೆ. ಕಾಯಿಲೆಯವರು, ಪ್ರಯಾಣಿಕರು ಬಿಟ್ಟ ರೋಜಾಗಳನ್ನು ಬೇರೆ ದಿನಗಳಲ್ಲಿ ಹಿಡಿಯಬಹುದು, ಅದೂ ಆಗದವರು ದಿನಕ್ಕೊಬ್ಬ ಬಡವರಿಗೆ ಊಟ ಕೊಡಬೇಕು, ಅದೇ ಫಿದಿಯಾ ಎಂದು ಕುರ್‌ಆನಿನ ಎರಡನೆಯ ಅಧ್ಯಾಯದ 184ನೇ ವಚನವನ್ನೇ ತೆಗೆದು ತೋರಿಸಿದೆ. ಮಗನ ಮಾತಿಗೆ ಬೆಲೆ ಎಲ್ಲಿ! ಮೌಲವಿಯೊಬ್ಬರು ಕನ್ನಡದಲ್ಲಿ ಹೇಳಿದರೆ ಒಪ್ಪಿಯಾರು. ಅಂಥವರು ಗೊತ್ತಿದ್ದರೆ, ಅವರನ್ನು ಕೇಳಿಕೊಂಡು ನನಗೆ ಖಾಸಗಿಯಾಗಿ ತಿಳಿಸಿ. ಫಿದಿಯಾವನ್ನು ಊರಿನಲ್ಲಿ ಕೊಡಿಸಬಹುದೇ, ಇಲ್ಲಿಯೇ ಕೊಡಬೇಕೇ ಎಂಬುದನ್ನೂ ಕೇಳಬೇಕಿದೆ.